ಗಡಿಯಾರದವರ ಚೀಟಿ

ಚನ್ನಗಿರಿಯ ಗಡಿಯಾರ ರಿಪೇರಿಯವರು ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ, ನಮ್ಮ ನಾಲ್ವರಿಗೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ದಾಳದ ಕಥೆಯಾಟ ಆಡಿಸುತ್ತಿದ್ದರು. ಅದರಲ್ಲಿ ನಾನು ಧರ್ಮಯೋಧ. ಗಾಯವನ್ನು ಮುಟ್ಟಿ ವಾಸಿಮಾಡುವ ನನ್ನ ಶಕ್ತಿ ಯಾವ ದೇವರು ಕೊಟ್ಟದ್ದು ಎಂದು ಮೊದಲ ದಿನವೇ ಕೇಳಿದ್ದೆ. ಅವರು ರಿಪೇರಿ ಚೀಟಿಯೊಂದನ್ನು ನನ್ನತ್ತ ತಳ್ಳಿ, "ದೇವ್ರನ್ನ ಬಿಡ್ರಿ, ಅದು ಕೊಟ್ಟ ಮಾತಿನಾಗೈತೆ. ಮಾತು ತಪ್ಪಿದ್ರೆ ಶಕ್ತಿನೂ ಇಲ್ಲ. ಬರೀರಿ," ಎಂದರು. 'ಜೊತೆಗಾರರಿಂದ ಏನನ್ನೂ ಮುಚ್ಚಿಡುವುದಿಲ್ಲ' ಎಂದು ಬರೆದೆ. ಚೀಟಿ ಕೆಟ್ಟ ವಾಚುಗಳ ಡ್ರಾಯರ್ ಸೇರಿತು. ಶಕ್ತಿ ಬೇಕಾದಾಗಲೆಲ್ಲ ಅದನ್ನು ತೆಗೆದು, "ಮೊದ್ಲು ಚೀಟಿ ಓದ್ರಿ," ಎನ್ನುತ್ತಿದ್ದರು.

ಆ ಭಾನುವಾರ, ಹೊನ್ನಾಳಿಯಿಂದ ಬರುತ್ತಿದ್ದ ಟೀಚರಮ್ಮ ಮೂರು ವರ್ಷ ಆಡಿದ್ದ ಪಾತ್ರ ಸಾಯುತ್ತಿತ್ತು. ಉಳಿಸಬೇಕಾದವನು ನಾನು. ಜಗಳೂರಿಗೆ ನಾನೇ ಕೇಳಿ ಪಡೆದ ವರ್ಗಾವಣೆ ಆದೇಶ ಜೇಬಿನಲ್ಲಿತ್ತು, ಇವರ್ಯಾರಿಗೂ ಹೇಳಿರಲಿಲ್ಲ. ಚೀಟಿಯನ್ನು ಗಡಗಡ ಓದಿ ದಾಳ ಎಸೆದೆ. ಇಪ್ಪತ್ತು ಮುಖದ ಆ ದಾಳ ಉರುಳಿ, ಇರುವುದರಲ್ಲೇ ದೊಡ್ಡದಾದ ಇಪ್ಪತ್ತಕ್ಕೆ ನಿಂತಿತು. ಟೀಚರಮ್ಮ ಸಮಾಧಾನದ ಉಸಿರು ಬಿಟ್ಟರು.

ಗಡಿಯಾರದವರು ಕಣ್ಣಿನ ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದರು. "ದಾಳದ್ದು ಆತು. ಶಕ್ತಿ ಬಂತು ಅಂತ ನೀವು ಹೇಳ್ರಿ, ಬರಕಂತೀನಿ."

ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ಹೂಂ ಅನ್ನುವ ಬದಲು ನಾನು ಜೇಬಿನಲ್ಲಿದ್ದ ಆದೇಶಕ್ಕೆ ಕೈ ಹಾಕಿದೆ.