ಎಣ್ಣೆ ಹಾಕುವ ಹೊತ್ತಿಗೆ ನಿಂತುಹೋದ ವಿಡಿಯೋ

ನಿವೃತ್ತಿಗೆ ಸ್ವಲ್ಪ ಮುಂಚಿನ ಮಾತು. ಆಗ ನಾನು ಔರಾದ ತಾಲ್ಲೂಕಿನಲ್ಲಿ ಸರ್ಕಾರಿ ಪಶುವೈದ್ಯ. ದನಗಳು ನನ್ನ ಸೂಜಿಗೆ ಹೆದರುತ್ತಿದ್ದವು, ಅವುಗಳ ಮಾಲೀಕರು ನನ್ನ ಬಾಯಿಗೆ ಹೆದರುತ್ತಿದ್ದರು. ನಾನು ಮಾತ್ರ ಯಾರಿಗೂ ಹೆದರಿದವನಲ್ಲ. ಇಡೀ ನೌಕರಿಯಲ್ಲಿ ಒಂದೇ ಸಲ ಹೆದರಿದ್ದು. ಅದಕ್ಕೆ ಕಾರಣ ನನ್ನದೇ ಮುಖ.

ಆ ಹೊತ್ತಿಗೆ ಮನೆಮನೆಗೆ ಫೋನು ಬಂದಿತ್ತು. ‘ಆಕಳು ಬಿದ್ದಿದೆ’ ಎಂದು ಹುಡುಕಿದರೆ ಕನ್ನಡ, ಮರಾಠಿ, ತೆಲುಗು, ಹಿಂದಿಯಲ್ಲಿ ವಿಡಿಯೋಗಳ ಮಹಾಪೂರ. ಒಬ್ಬ ಎಣ್ಣೆ ಕುಡಿಸು ಎನ್ನುತ್ತಾನೆ, ಇನ್ನೊಬ್ಬ ಸೋಡಾ, ಮತ್ತೊಬ್ಬ ಹೊಟ್ಟೆಗೆ ಚಾಕು ಚುಚ್ಚು ಎನ್ನುತ್ತಾನೆ. ಜನ ಮೂರನ್ನೂ ಮಾಡಿ ಮುಗಿಸಿ, ನಾಲ್ಕನೆಯವನಾಗಿ ನನ್ನನ್ನು ಕರೆಯುತ್ತಿದ್ದರು. ನಮ್ಮ ಕಡೆಯ ಹೈನುಗಾರರು ಬಳಸುತ್ತಿದ್ದ ಒಂದು ಆ್ಯಪ್ ಈ ಗೊಂದಲಕ್ಕೆ ತಕ್ಕಮಟ್ಟಿಗೆ ಕಡಿವಾಣ ಹಾಕಿತ್ತು. ಅದರಲ್ಲಿ ರೆಕಮೆಂಡೇಶನ್ ಎಂಬ ಏರ್ಪಾಡಿತ್ತು. ನಿಮ್ಮ ಸುತ್ತಮುತ್ತಲಿನ, ನಿಮ್ಮಂಥದೇ ದನ ಸಾಕಿದವರು ಯಾವ ವಿಡಿಯೋವನ್ನು ಕೊನೆಯವರೆಗೂ ನೋಡಿದರೋ ಅದನ್ನು ನಿಮಗೂ ಎಲ್ಲಕ್ಕಿಂತ ಮೇಲೆ ತೋರಿಸುತ್ತದೆ.

ಬೇಸಿಗೆಯಲ್ಲಿ ಅಕಾಲದ ಮಳೆ ಬಿದ್ದರೆ ಕೊಯ್ದ ಜೋಳದ ಬುಡ ಚಿಗುರುತ್ತದೆ. ಆ ಎಳೆ ಚಿಗುರಿನಲ್ಲಿ ಸೈನೈಡ್ ವಿಷವಿರುತ್ತದೆ. ಮೇಯ್ದ ದನ ಉಸಿರು ಸಿಕ್ಕದೆ ಉರುಳುತ್ತದೆ. ನೋಡುವವರಿಗೆ ಹೊಟ್ಟೆ ಉಬ್ಬರದಂತೆಯೇ ಕಾಣುತ್ತದೆ. ಉಬ್ಬರಕ್ಕೆ ಬಾಯಿಗೆ ಎಣ್ಣೆ ಹೊಯ್ಯುವುದು ನಮ್ಮವರ ರೂಢಿ. ವಿಷವೇರಿ ಏದುಸಿರು ಬಿಡುವ ದನಕ್ಕೆ ಹೊಯ್ದರೆ ಎಣ್ಣೆ ಶ್ವಾಸಕೋಶಕ್ಕಿಳಿದು ಕೊಲ್ಲುತ್ತದೆ.

ಇದನ್ನು ತಿಳಿಸಲು ನಮ್ಮ ಮೇಲಧಿಕಾರಿಗಳು ಕೋಟು ಹಾಕಿಕೊಂಡು ಒಂದು ವಿಡಿಯೋ ಮಾಡಿದರು. ಅವರ ನಮಸ್ಕಾರ ದಾಟಿ ಮುಂದೆ ಯಾರೂ ನೋಡಲಿಲ್ಲ. ಆಗ ನಾನೂ ಒಂದು ವಿಡಿಯೋ ಮಾಡಿದೆ. ಆಕಳಂತೆ ಕೊರಳಿಗೆ ಹಗ್ಗ ಕಟ್ಟಿಕೊಂಡು, ಚಿಗುರು ಅಗಿದಂತೆ ನಟಿಸಿ, ದೊಪ್ಪನೆ ಬಿದ್ದೆ. ಕಂಪೌಂಡರ್ ನನ್ನ ಬಾಯಿಗೆ ಎಣ್ಣೆ ಹೊಯ್ದ. ಕೆಮ್ಮಿ, ನಾಲಿಗೆ ಚಾಚಿ, ಕಣ್ಣು ಮೇಲೆ ಮಾಡಿ ಸತ್ತೆ. ಆಮೇಲೆ ಎದ್ದು ಕೂತು, ಏನು ಮಾಡಬಾರದು ಎಂದು ಹೇಳಿದೆ.

“ಇಲಾಖೆ ಮರ್ಯಾದಿ ಹೋತಲ್ರೀ!” ಎಂದರು ಮೇಲಧಿಕಾರಿ.

“ನಿಮ್ಮ ವಿಡಿಯೋದಾಗ ಪೂರಾ ಉಳದದ್ರಿ ಸರ್. ಯಾರೂ ಮುಟ್ಟೇ ಇಲ್ಲ,” ಎಂದೆ.

ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರು ಒಂದೇ ಫೋನಿನ ಸುತ್ತ ತಲೆ ಸೇರಿಸಿ, ನನ್ನ ಸಾವನ್ನು ನೋಡಿ ನೋಡಿ ನಕ್ಕರು. ಆ್ಯಪ್ ಅದನ್ನು ಎತ್ತಿ ಊರೂರಿಗೆ ಹಂಚಿತು. ನಾನಂತೂ ಮೀಸೆ ತಿರುವಿಕೊಂಡು ಓಡಾಡಿದೆ.

ಒಂದು ಮುಂಜಾನೆ ಮೀಟಿಂಗಿಗೆಂದು ಬೀದರ್ ಕಡೆ ಜೀಪು ಓಡಿಸುತ್ತಿದ್ದೆ. ಠಾಣಾ ಕುಶನೂರು ಎಂಬ ಊರಿನಿಂದ ಫೋನು ಬಂತು. ಗಾಡಿ ಬದಿಗೆ ನಿಲ್ಲಿಸಿದೆ. ದೇವಣಿ ತಳಿಯ ಎರಡು ಆಕಳು ಕಟ್ಟಿಕೊಂಡು ಸಂಸಾರ ನಡೆಸುವ ಕಮಲಾಬಾಯಿಯ ಸೊಸೆ ಸುಜಾತಾ.

“ಸಾಹೇಬ್ರ, ನಮ್ಮ ಆಕಳ ಬಿದ್ದದ್ರಿ! ಜ್ವಾಳದ ಹೊಲದಾಗ ಮೇಯಲಿಕ್ಕ ಬಿಟ್ಟಿದ್ದಿವಿ, ಕೊಟ್ಟಿಗಿಗೆ ಬಂದು ಉರುಳಿತ್ರಿ. ಬಾಯಿ ತಗದು ಉಸುರು ಎಳೀಲಿಕತ್ತದ!”

“ಬಂದೆ ಯವ್ವಾ. ನೀವು ಅದರ ಬಾಯಾಗ…”

“ಫೋನಿನ್ಯಾಗ ನಿಮ್ಮ ವಿಡಿಯೋನೇ ಮೊದಲ ಬಂದದ್ರಿ. ಅದರಾಗ ತೋರಿಸಿದಂಗ ಮಾಡ್ತೇವಿ!”

ಲೈನ್ ಕಡಿಯಿತು.

ಮೊದಲು ಎದೆ ಉಬ್ಬಿತು. ಮರುಗಳಿಗೆ ವಿಡಿಯೋ ಪೂರಾ ನೆನಪಾಯಿತು. ಎಣ್ಣೆ ಹೊಯ್ಯುವುದು ವಿಡಿಯೋದ ನಡುವಿಗೇ ಬರುತ್ತದೆ. ‘ಹಾಕಬೇಡಿ’ ಎಂಬ ಮಾತು ನಾನು ಸತ್ತು ಎದ್ದ ಮೇಲೆ. ಆ ಊರಿನ ನೆಟ್‌ವರ್ಕು ನನಗೆ ಗೊತ್ತು. ನಡುವೆಯೇ ನಿಂತರೆ? ಮತ್ತೆ ಮತ್ತೆ ಫೋನು ಹಚ್ಚಿದೆ, ಹತ್ತಲಿಲ್ಲ. ಜೀಪು ತಿರುಗಿಸಿದೆ. ಫೋನಿನಲ್ಲಿ ಎಲ್ಲರಿಗಿಂತ ಮೇಲೆ ಬಂದವನ ಮಾತನ್ನು, ಹೆದರಿದವರು ಅನುಮಾನಿಸುವುದಿಲ್ಲ. ಆ ಹೊತ್ತಿಗೆ ಎಷ್ಟು ಊರುಗಳ ಫೋನಿನಲ್ಲಿ ನಾನು ಬಾಯಿ ತೆರೆದು ಎಣ್ಣೆ ಕುಡಿಯುತ್ತಿದ್ದೆನೋ!

ಕೊಟ್ಟಿಗೆಯ ಮುಂದೆ ಜನ ಸೇರಿದ್ದರು. ಜೀಪಿನಿಂದ ಇಳಿದೆ. ಆಕಳು ಮಗ್ಗುಲಾಗಿ ಬಿದ್ದು ಏದುಸಿರು ಬಿಡುತ್ತಿತ್ತು. ಅದರ ತಲೆಯ ಬಳಿ ಕಮಲಾಬಾಯಿ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಮುಚ್ಚಳ ತೆಗೆದ ಎಣ್ಣೆ ಬಾಟಲಿ.

“ಎಣ್ಣಿ… ಹಾಕಿದ್ರೇನು?” ಎಂದೆ.

ಸುಜಾತಾ ಅಳುತ್ತಲೇ ಹೇಳಿದಳು: “ನಿಮಗ ಎಣ್ಣಿ ಹಾಕೋತನಕ ಬಂದು ವಿಡಿಯೋ ನಿಂತೇಬಿಡ್ತ್ರಿ. ನಾ ಆಕಳ ಬಾಯಿ ಅಗಲಿಸಿ ಹಿಡದು, ಹಾಕ್ರಿ ಅತ್ತಿ ಅಂದೆ.”

ಕಮಲಾಬಾಯಿ ತಲೆ ಎತ್ತಲಿಲ್ಲ. “ನಾ ಹಾಕಲಿಲ್ಲ. ಮುಂದ ಈ ಮುದುಕ ಕೆಮ್ಮಿ ಕೆಮ್ಮಿ ಸಾಯ್ತಾನಂತ ನನಗ ಗೊತ್ತಿಲ್ಲೇನು? ಡೇರಿ ಮುಂದ ದಿನಾ ನೋಡಿ ನಕ್ಕೀವಿ. ಇನ್ನೊಂದ ಆಕಳ ಹೊಲದಿಂದ ಹೊಡಕೊಂಡ ಬಂದು ಕಟ್ಟೀನಿ.”

ಆಕಳ ಕಣ್ಣುರೆಪ್ಪೆ ಎತ್ತಿ ನೋಡಿದೆ. ಒಳಗೆ ಕುಂಕುಮದಂಥ ಕೆಂಪು. ಸೈನೈಡೇ. ಅದಕ್ಕೆ ಪ್ರತಿವಿಷವಾದ ಥಯೋಸಲ್ಫೇಟನ್ನು ರಕ್ತನಾಳಕ್ಕೆ ನಿಧಾನವಾಗಿ ಏರಿಸಿದೆ. ನಡುವೆ ಒಮ್ಮೆ ಉಸಿರು ನಿಂತೇಹೋಯಿತು. ಕಮಲಾಬಾಯಿ ಆಕಳ ಕೊರಳ ಮೇಲಿಟ್ಟ ಕೈ ತೆಗೆಯಲಿಲ್ಲ. ಆಮೇಲೆ ಪಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು. ಬಹಳ ಹೊತ್ತಿನ ಮೇಲೆ ಕಿವಿ ಅಲುಗಿತು. ಆಕಳು ಕಾಲು ಮಡಚಿ ಎದ್ದು ಕೂತಿತು.

“ಸಾಹೇಬ್ರ, ಒಂದ ಮಾತ ಖರೇ. ನೀವು ಭಾಳ ಛಂದ ಸಾಯ್ತೀರಿ,” ಎಂದಳು ಕಮಲಾಬಾಯಿ. ಜನ ನಕ್ಕರು. ಮಾತಿಗೆ ಮಾತು ಕೊಡುವ ನಾನು ಅಂದು ನೀರು ಕೇಳಿ ಕುಡಿದೆ.

ಮಾಹಿತಿಯ ಆ ಮಹಾಪೂರದಲ್ಲಿ ಕಮಲಾಬಾಯಿಗೆ ಬೇಕಾದ ಒಂದೇ ಮಾತನ್ನು ಆರಿಸಿ ಕೊಟ್ಟದ್ದು ರೆಕಮೆಂಡೇಶನ್. ಯಂತ್ರಕ್ಕೆ ಆರಿಸಲು ಕಲಿಸಿದ್ದು ಡೇರಿ ಮುಂದಿನ ನಗು. ಈ ಬಗ್ಗೆ ನಾನು ಇಂದಿಗೂ ಜಂಬ ಕೊಚ್ಚುತ್ತೇನೆ. ಆದರೆ ಹೆದರಿದವರ ಕೈಗೆ ಮೊದಲು ಸಿಗುವವನು ಮೊದಲ ಉಸಿರಿನಲ್ಲೇ ಸರಿಯಾದದ್ದನ್ನು ಹೇಳಿ ಮುಗಿಸಬೇಕು ಎಂದು ನೌಕರಿ ನನಗೆ ಅಂದು ಕಲಿಸಿತು. ಆ ವಾರವೇ ವಿಡಿಯೋವನ್ನು ಹೊಸದಾಗಿ ಮಾಡಿಸಿದೆ. ಶುರುವಿನಲ್ಲೇ ಕ್ಯಾಮೆರಾ ನೋಡಿ ಹೇಳುತ್ತೇನೆ: “ಬಾಯಿಗೆ ಏನೂ ಹಾಕಬ್ಯಾಡ್ರಿ. ಉಳದ ದನ ಹೊಲದಿಂದ ಹೊರಗ ಹೊಡೀರಿ. ಡಾಕ್ಟರಿಗೆ ಫೋನ್ ಹಚ್ಚರಿ.” ನಾನು ಸಾಯುವುದು ಆಮೇಲೆ.