ಒಳಗಿದ್ದದ್ದು ಓದಿ ಹೇಳಿದ ಪಟ್ಟಿ

ಆ ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು. ಮಣಿಪಾಲದಲ್ಲಿ ರಕ್ತದಾನಿಗಳ ಒಂದು ಸಣ್ಣ ಸಂಘ. ಬಾಡಿಗೆಯ ಎರಡು ಕೋಣೆ, ಅದರಲ್ಲಿ ಒಂದಕ್ಕೆ ಏಸಿ. ಯಾರೋ ದಾನಿಗಳು ಕೊಡಿಸಿದ ಕಂಪ್ಯೂಟರ್ ಆ ತಣ್ಣಗಿನ ಕೋಣೆಯಲ್ಲಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಕಾರ್ಕಳದವಳು, ಟೈಪಿಂಗ್ ಸೀನಿಯರ್ ಪಾಸಾಗಿ, ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಅಲ್ಲಿ ಕೆಲಸಕ್ಕೆ ಸೇರಿದ್ದೆ. ಹಸಿರು ಅಕ್ಷರದ ಆ ಪರದೆಯ ಮುಂದೆ ಕುಳಿತರೆ ಊರಿಗೆಲ್ಲ ನಾನೇ ದೊಡ್ಡವಳು ಎಂಬ ಜಂಭ. ಕೋಪ ಮೂಗಿನ ತುದಿಯಲ್ಲೇ ಇತ್ತು. ಆ ಕೋಪ ಈಗಲೂ ಎಲ್ಲಿಗೂ ಹೋಗಿಲ್ಲ, ಜಂಭ ಮಾತ್ರ ಹೋಗಿದೆ. ಅದು ಹೋದ ದಿನದ ಕಥೆ ಇದು.

ರಕ್ತ ಕೊಡಲು ಒಪ್ಪಿದವರು ತಮ್ಮ ಹೆಸರು, ಊರು, ರಕ್ತದ ಗುಂಪು, ಸಂಪರ್ಕಿಸುವ ಫೋನ್ ನಂಬರ್ ಬರೆದು ಸಂಘಕ್ಕೆ ಪೋಸ್ಟ್ ಕಾರ್ಡ್ ಹಾಕುತ್ತಿದ್ದರು. ಮನೆಯಲ್ಲಿ ಫೋನ್ ಇದ್ದವರು ಎಷ್ಟು ಮಂದಿ? ಹೆಚ್ಚಿನವರದು ಪಕ್ಕದ ಅಂಗಡಿಯ ನಂಬರ್. ಕಾರ್ಡುಗಳೆಲ್ಲ ಒಂದು ಬಿಸ್ಕೆಟ್ ಡಬ್ಬಿಯಲ್ಲಿದ್ದವು. ಅವನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದ ಮೇಲೆ ಡಬ್ಬಿ ಸಮೇತ ನಾನಿದ್ದ ಹಾಸ್ಟೆಲಿಗೆ ಒಯ್ದು, ನೀರು ಕಾಯಿಸುವ ಒಲೆಗೆ ಹಾಕಿದವಳು ನಾನೇ. ಇರಲಿ ಬಿಡಿ ಎಂದವರಿಗೆ, "ಕಂಪ್ಯೂಟರ್ ಉಂಟಲ್ಲ, ಇನ್ನು ಈ ಕಸ ಎಂತಕ್ಕೆ?" ಎಂದಿದ್ದೆ.

ನನ್ನ ಜೊತೆಗೆ ಕೆಲಸಕ್ಕಿದ್ದವರು ಕಾಪುವಿನ ಬ್ಯಾರಿ ಮುಸ್ಲಿಂ ಕುಟುಂಬದ ಒಬ್ಬ ಯುವಕರು. ಮಾತು ಮೆತ್ತಗೆ, ನಾನು ಎಷ್ಟು ರೇಗಿದರೂ ನಗುತ್ತಿದ್ದರು. ಅವರ ಅಣ್ಣ ದುಬೈಯಲ್ಲಿದ್ದರು. ರಜೆಗೆ ಬಂದಾಗ ಅಣ್ಣ ಸೆಂಟು, ಟಾರ್ಚು, ಬಟ್ಟೆಗಳ ಜೊತೆ ತಮ್ಮನಿಗೆಂದು ಒಂದು ಫ್ಲಾಪಿಯನ್ನೂ ತಂದಿದ್ದರು. ತೆಳ್ಳಗಿನ ಕಪ್ಪು ಚೌಕ, ಅದರ ಮೇಲೆ ಅಣ್ಣನ ಕೈಬರಹದಲ್ಲಿ ತಮ್ಮನ ಹೆಸರು. ಅದರಲ್ಲಿ ಕೋತಿಯೊಂದು ಹಣ್ಣು ಹಿಡಿಯುವ ಆಟವಿತ್ತು. ಮಧ್ಯಾಹ್ನ ಬುತ್ತಿ ಉಂಡ ಮೇಲೆ ನಾವಿಬ್ಬರೂ ಸರದಿಯಲ್ಲಿ ಆ ಕೋತಿಯನ್ನು ಕುಣಿಸುತ್ತಿದ್ದೆವು. ಗಲ್ಫಿನಿಂದ ಬಂದದ್ದನ್ನು ಹಂಚಿ ತಿನ್ನುವುದು ನಮ್ಮ ಕಡೆಯ ರೂಢಿ ತಾನೇ? ಕೇಳಿದವರಿಗೆಲ್ಲ ಆಟ ಕಾಪಿ ಮಾಡಿಯೂ ಕೊಟ್ಟೆವು.

ಕಂಪ್ಯೂಟರಿಗೆ ವೈರಸ್ ಬರುತ್ತದೆ ಎಂಬ ಸುದ್ದಿ ಆ ವರ್ಷವೇ ನಮ್ಮ ಕಿವಿಗೆ ಬಿದ್ದದ್ದು. ಪರಿಚಯದ ಉಪನ್ಯಾಸಕರೊಬ್ಬರು ಮುಂಬೈಯಿಂದ ಒಂದು ಲೇಖನದ ಜೆರಾಕ್ಸ್ ತಂದಿದ್ದರು. ನಾನು ಅದನ್ನು ಓದಿ ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡೆ. ಎಲ್ಲವೂ ಮನುಷ್ಯರು ಬೇಕೆಂದೇ ಬರೆದ ಪ್ರೋಗ್ರಾಮುಗಳು, ಆದರೆ ಜಾತಿ ಬೇರೆ ಬೇರೆ. ಕೆಲವು ಫ್ಲಾಪಿಯ ಮೊದಲ ಮೂಲೆಯಲ್ಲೇ ಕಾದಿದ್ದು ಯಂತ್ರ ಎಚ್ಚರಾಗುವಾಗಲೇ ಒಳಗೆ ನುಗ್ಗುತ್ತವೆ. ಕೆಲವು ಒಳ್ಳೆಯ ಪ್ರೋಗ್ರಾಮಿಗೆ ಅಂಟಿಕೊಂಡು, ಅದು ನಡೆದಾಗ ತಾವೂ ನಡೆದು ಪಕ್ಕದ್ದಕ್ಕೆ ಅಂಟುತ್ತವೆ. ವೈರಸ್ ಎನ್ನುವುದು ಇವನ್ನೇ. ವರ್ಮ್ ಎಂಬುದಕ್ಕೆ ಯಾರ ಆಸರೆಯೂ ಬೇಡ, ತಂತಿಯ ಮೂಲಕ ತಾನೇ ಯಂತ್ರದಿಂದ ಯಂತ್ರಕ್ಕೆ ಹರಿದು ಹೋಗುತ್ತದೆ. ನಮ್ಮಲ್ಲಿ ಹಾಗೆ ಜೋಡಿಸಿದ ತಂತಿಯೇ ಇರಲಿಲ್ಲ. 'ಇದು ನಮ್ಮೂರಿಗೆ ಬರುವುದಿಲ್ಲ' ಎಂದು ಪಕ್ಕದಲ್ಲಿ ಬರೆದೆ. ಟ್ರೋಜನ್ ಎಂಬುದು ಆಟವೆಂದೋ ಉಪಕಾರವೆಂದೋ ವೇಷ ಹಾಕಿ ಬರುತ್ತದೆ, ಬಾಗಿಲು ತೆಗೆಯುವವರು ನಾವೇ. ಅದರ ಎದುರು, ಸಿಹಿ ಹಿಡಿದುಕೊಂಡು ಬಂದು ಚಾಡಿ ಹೇಳಿ ಹೋಗುತ್ತಿದ್ದ ನಮ್ಮ ಒಬ್ಬ ಅತ್ತೆಯನ್ನು ನೆನೆದು 'ಅತ್ತೆ' ಎಂದು ಬರೆದುಕೊಂಡೆ. ಇನ್ನು ಕೆಲವು ಒಂದು ತಾರೀಕಿಗಾಗಿ ಸುಮ್ಮನೆ ಕಾಯುತ್ತವೆ. ಅಲ್ಲಿಯವರೆಗೆ ಇದ್ದದ್ದೇ ಗೊತ್ತಾಗುವುದಿಲ್ಲ.

ಕೊನೆಯದೊಂದನ್ನು ಬರೆದುಕೊಂಡೆ, ಆದರೆ ನನಗೆ ಅರ್ಥವಾಗಿರಲಿಲ್ಲ. ಕೆಲವು ಅಡಗಿ ಕುಳಿತು, ಎಲ್ಲವೂ ಸರಿ ಇದ್ದ ಹಾಗೆ ತೋರಿಸುತ್ತವೆ.

ಅದೇ ಸುಮಾರಿಗೆ ಉಡುಪಿಯ ಒಂದು ಕಚೇರಿಯವರು ನಮ್ಮ ಪಟ್ಟಿಯ ಪ್ರತಿ ಕೇಳಿದ್ದರು. ಫ್ಲಾಪಿಗೆ ಹಾಕಿ ಕೊಟ್ಟೆ. ಎರಡು ದಿನದಲ್ಲಿ ಅಲ್ಲಿಯ ಗುಮಾಸ್ತರು ವಾಪಸ್ ತಂದು, "ಇದರಲ್ಲಿ ಹೆಸರೇ ಇಲ್ಲ ಅಮ್ಮ, ಬರೀ ಕಲಸುಮೇಲೋಗರ" ಎಂದರು. ಅವರೆದುರೇ ನಮ್ಮ ಯಂತ್ರಕ್ಕೆ ಹಾಕಿ ತೋರಿಸಿದೆ. ಹೆಸರು, ಊರು, ನಂಬರ್, ಎಲ್ಲ ಸಾಲಾಗಿ ನಿಂತಿದ್ದವು. "ನಿಮ್ಮ ಮೆಷಿನ್ ಸರಿ ಇಲ್ಲ, ಇಲ್ಲದಿದ್ರೆ ನಿಮ್ಮ ಕಣ್ಣು ಸರಿ ಇಲ್ಲ" ಎಂದೆ. ಪಾಪ, ಆ ಮನುಷ್ಯ ಚಪ್ಪಲಿ ಮೆಟ್ಟಿಕೊಂಡು ತಲೆ ತಗ್ಗಿಸಿ ಹೋದರು.

ಒಂದು ಶನಿವಾರ ಉಪನ್ಯಾಸಕರು ವೈರಸ್ ತೆಗೆಯುವ ಫ್ಲಾಪಿ ಕೊಟ್ಟರು. ಹಾಕಿ ನೋಡಿದರೆ ನಮ್ಮ ಯಂತ್ರದಲ್ಲೇ ವೈರಸ್ ಇತ್ತು. ಕೋತಿಯ ಆಟಕ್ಕೆ ಅಂಟಿ ಬಂದು ಎಲ್ಲ ಪ್ರೋಗ್ರಾಮುಗಳಿಗೂ ಹಬ್ಬಿತ್ತು. ನನಗೆ ಬಂದ ಸಿಟ್ಟು ಹೇಳತೀರದು. ಯಂತ್ರವನ್ನೂ ಪೆಟ್ಟಿಗೆಯಲ್ಲಿದ್ದ ಒಂದೊಂದು ಫ್ಲಾಪಿಯನ್ನೂ ತೊಳೆದೆ. ಯಾರು ಯಾರಿಗೆ ಆಟ ಕೊಟ್ಟಿದ್ದೆವೋ ಅವರಲ್ಲಿಗೂ ಹೋಗಿ ಅಳಿಸಿ ಬಂದೆ. ದುಬೈಯ ಆ ಫ್ಲಾಪಿಯನ್ನು ಮಾತ್ರ ಮುಟ್ಟಲೂ ಮನಸ್ಸಾಗದೆ ಕಾಪುವಿನವರ ಮುಂದೆ ಬಿಸಾಡಿದೆ.

"ಇದನ್ನು ಕಾಪು ಕಡಲಿಗೆ ಎಸೆಯಿರಿ. ಇನ್ನು ಇಲ್ಲಿಗೆ ತರಬೇಡಿ."

ಅವರ ಮುಖ ಸಣ್ಣಗಾಯಿತು. "ಆಯ್ತು ಮಾರಾಯ್ರೆ" ಎಂದು ಕಿಸೆಗೆ ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕುಳಿತಿದ್ದರು. ಎಲ್ಲೂರಿನವರು. ಉಡುಪಿಯ ಒಂದು ಹೆರಿಗೆ ಆಸ್ಪತ್ರೆಯ ಚೀಟಿ ಅವರ ಮುಷ್ಟಿಯಲ್ಲಿ ಒದ್ದೆಯಾಗಿತ್ತು. ಮಗಳಿಗೆ ನಸುಕಿಗೆ ಹೆರಿಗೆಯಾಗಿದೆ, ಮಗು ಚೆನ್ನಾಗಿದೆ, ಆದರೆ ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್. ಇದ್ದ ಒಂದು ಬಾಟಲಿ ಏರಿಸಿ ಆಗಿದೆ, ಮನೆಯವರದು ಯಾರದ್ದೂ ಹೊಂದುವುದಿಲ್ಲ, ಅಳಿಯ ಮುಂಬೈಯಲ್ಲಿ. ಇದೆಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಇಲ್ಲಿ ಮೆಷಿನಲ್ಲಿ ಹೆಸರು ಉಂಟಂತಲ್ಲ ಮಗಾ" ಎಂದರು.

"ಉಂಟು, ಕೂತ್ಕೊಳ್ಳಿ. ಎರಡು ನಿಮಿಷ" ಎಂದೆ.

ಪಟ್ಟಿ ತೆರೆದೆ. ಒಂದು ಹೆಸರೂ ಹೆಸರಾಗಿರಲಿಲ್ಲ. ಒಬ್ಬರ ಅಕ್ಷರ ಇನ್ನೊಬ್ಬರ ಸಾಲಿನಲ್ಲಿ, ಒಂದು ನಂಬರಿನ ಅಂಕಿ ಬೇರೆ ಹೆಸರಿನ ನಡುವೆ. ರಕ್ತದ ಗುಂಪಿನ ಜಾಗದಲ್ಲಿ ಯಾವುದೋ ಊರಿನ ಚೂರು. ಯಾರೋ ನಮ್ಮ ಜನರನ್ನೆಲ್ಲ ಕೂಡಿಹಾಕಿ ಕೈಯಾಡಿಸಿದ ಹಾಗೆ ಇತ್ತು. ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಅದೇ. ಬೇರೆ ಫ್ಲಾಪಿಯ ಪ್ರತಿ ಹಾಕಿದೆ. ಅದೇ. ಗಾಜಿನ ಆಚೆ ಎಲ್ಲೂರಿನ ಆ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಬಿಸ್ಕೆಟ್ ಡಬ್ಬಿಯ ಕಾರ್ಡುಗಳು ಒಲೆಯಲ್ಲಿ ಉರಿದದ್ದು ಕಣ್ಣಿಗೆ ಕಟ್ಟಿತು.

ಕಾಪುವಿನವರು ಬಂದು ನನ್ನ ಹಿಂದೆ ನಿಂತು ನೋಡಿ, "ಆ ಉಡುಪಿಯ ಗುಮಾಸ್ತರು ಹೇಳಿದ್ದು ಇದೇ ಅಲ್ವಾ?" ಎಂದರು.

ಆಗ ಹೊಳೆಯಿತು. ಉಡುಪಿಯ ಯಂತ್ರ ಸರಿಯಾಗಿಯೇ ಇತ್ತು, ಅಲ್ಲಿ ವೈರಸ್ ಇರಲಿಲ್ಲ, ಆದ್ದರಿಂದ ಅಲ್ಲಿ ಕಂಡದ್ದೇ ನಿಜ. ನಮ್ಮ ಪಟ್ಟಿ ಕೆಟ್ಟು ತಿಂಗಳುಗಳೇ ಆಗಿದ್ದವು. ನಾನು ಟೈಪ್ ಮಾಡಿದ್ದನ್ನೆಲ್ಲ ನಮ್ಮಲ್ಲಿದ್ದ ವೈರಸ್ ಕಲಸಿ ಒಳಗಿಡುತ್ತಿತ್ತು, ನಾನು ತೆರೆದಾಗಲೆಲ್ಲ ಮತ್ತೆ ಜೋಡಿಸಿ ತೋರಿಸುತ್ತಿತ್ತು. ಅಷ್ಟು ದಿನವೂ ನಾನು ಓದಿದ್ದು ಪಟ್ಟಿಯನ್ನಲ್ಲ, ಅದು ನನಗೆ ಓದಿ ಹೇಳಿದ್ದನ್ನು. ಶನಿವಾರ ನಾನು ಓಡಿಸಿದ್ದು ಪಟ್ಟಿಯನ್ನು ಓದಬಲ್ಲ ಒಂದೇ ಒಂದು ಜೀವವನ್ನು. ಜೀವ ಎನ್ನಬಾರದು, ಗೊತ್ತು. ಆ ಹೊತ್ತಿಗೆ ನನಗೆ ಹಾಗೇ ಅನ್ನಿಸಿತು.

"ಅದನ್ನು ವಾಪಸ್ ತರ್ಬೇಕು" ಎಂದೆ. "ಆ ಫ್ಲಾಪಿ ಒಂದರಲ್ಲೇ ಉಳಿದಿರುವುದು. ಎಸೆದ್ರಾ?"

"ನಾನು ಎಸೆಯಲಿಲ್ಲ. ಕಿಸೆಯಲ್ಲಿದ್ದದ್ದನ್ನು ಉಮ್ಮ ತೆಗೆದಿಟ್ಟಿದ್ದಾರೆ."

ಟ್ಯಾಕ್ಸಿ ಹಿಡಿದು ಕಾಪುವಿಗೆ ಹೋದೆವು. ಮನೆ ಕಡಲಿಗೆ ಹತ್ತಿರ, ಅಂಗಳದಲ್ಲೆಲ್ಲ ಕಡಲ ಹೊಯಿಗೆ, ಬಿಳಿ ಮರಳು. ಅವರ ಉಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಕಪಾಟು ತೆರೆದರು. ಮೇಲಿನ ಅರೆಯಲ್ಲಿ ಕ್ಯಾಸೆಟ್ಟುಗಳು ಸಾಲಾಗಿದ್ದವು. ಓದುಬರಹ ತಿಳಿಯದ ತಾಯಿಗೆ ದುಬೈಯ ಮಗ ಕಾಗದ ಬರೆಯದೆ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದದ್ದು ನನಗೆ ಗೊತ್ತಿತ್ತು. ಆ ಸಾಲಿನ ಕೊನೆಯಲ್ಲಿ, ಅತ್ತರಿನ ವಾಸನೆಯ ಒಂದು ಕರವಸ್ತ್ರದೊಳಗೆ ಆ ಫ್ಲಾಪಿ ಇತ್ತು.

"ಇದರಲ್ಲಿ ದೊಡ್ಡ ಮಗನ ಮಾತುಂಟು" ಎಂದರು ನನಗೆ, ನಿಧಾನವಾದ ಕನ್ನಡದಲ್ಲಿ. "ನಮ್ಮ ಟೇಪಿಗೆ ಇದು ಹೋಗುವುದಿಲ್ಲ. ನಿಮ್ಮ ಮೆಷಿನಲ್ಲಿ ಕೇಳ್ತದೆ ಅಲ್ವಾ ಮಗಳೇ? ಕೇಳಿ ಆದ ಮೇಲೆ ವಾಪಸ್ ತರ್ಬೇಕು."

ಮಗ ಅದನ್ನು ತೆಗೆದು ನನ್ನ ಕೈಗಿಟ್ಟರು. ನಾನು, "ತರ್ತೇನೆ ಅಮ್ಮ" ಎಂದೆ.

ನಾವು ಮರಳಿದಾಗ ಹನ್ನೊಂದು ದಾಟಿತ್ತು. ಎಲ್ಲೂರಿನ ತಾಯಿ ಬೆಂಚಿನಿಂದ ಎದ್ದು, "ಸಿಕ್ಕಿತಾ?" ಎಂದರು. ನಾನು ನೇರ ಒಳಗೆ ಹೋದೆ. ಆಗಿನ ಯಂತ್ರಗಳು ಹಚ್ಚಿದೊಡನೆ ಇವತ್ತಿನ ತಾರೀಕು ಕೇಳುತ್ತಿದ್ದವು, ನಾನು ಬೇಕೆಂದೇ ಎರಡು ತಿಂಗಳು ಹಿಂದಿನದನ್ನು ಕೊಟ್ಟೆ. ಇದೂ ಯಾವುದೋ ದಿನಕ್ಕೆ ಕಾಯುವ ಜಾತಿಯಾಗಿದ್ದು, ಆ ದಿನ ಇವತ್ತೇ ಆಗಿದ್ದರೆ? ಆಮೇಲೆ ಫ್ಲಾಪಿ ಹಾಕಿ ಆಟ ಶುರು ಮಾಡಿದೆ. ಕೋತಿ ಬಂತು. ಎಂದಿನ ಹಾಗೇ ಕೈ ಚಾಚಿ ಹಣ್ಣಿಗೆ ಕಾದು ನಿಂತಿತು. ಏನೂ ಬದಲಾಗಲಿಲ್ಲ, ಏಸಿಯ ಗುಂಯ್ ಎಂಬ ಸದ್ದು ಕೂಡ. ಆದರೆ ಈಗ ಕೋಣೆಯಲ್ಲಿ ನಾವಿಬ್ಬರೇ ಅಲ್ಲ ಎಂದು ನನಗೆ ಗೊತ್ತಿತ್ತು. ಆಟ ನಿಲ್ಲಿಸಿ ಪಟ್ಟಿ ತೆರೆದೆ.

ಹೆಸರುಗಳೆಲ್ಲ ಇದ್ದವು. ಒಂದಕ್ಷರ ಆಚೀಚೆ ಇಲ್ಲದೆ, ಊರು ನಂಬರುಗಳ ಸಮೇತ, ನನ್ನನ್ನೇ ಕಾಯುತ್ತಿದ್ದಂತೆ ನಿಂತಿದ್ದವು. ಅದು ಯಾವ ಅಕ್ಷರ ಎಲ್ಲಿಟ್ಟಿದೆಯೆಂಬ ಗುಟ್ಟನ್ನು ಯಾವುದೋ ಮೂಲೆಯಲ್ಲಿ ಬರೆದಿಟ್ಟಿತ್ತು, ನನ್ನ ತೊಳೆಯುವಿಕೆ ಆ ಮೂಲೆಯನ್ನು ಮುಟ್ಟಿರಲಿಲ್ಲ. ಸಂತೋಷವಾಗಬೇಕಿತ್ತು. ನನಗಾದದ್ದು ಹೆದರಿಕೆ. ಇದು ನಿಜವನ್ನೇ ಓದುತ್ತಿದೆಯೆಂದು ಹೇಗೆ ನಂಬುವುದು? ಕೇಳಲು ಬೇರೆ ಯಾರೂ ಇರಲಿಲ್ಲ.

ಓ ನೆಗೆಟಿವ್ ಇಬ್ಬರಿದ್ದರು. ನಾನು ಓದಿದೆ, ಕಾಪುವಿನವರು ಪೆನ್ಸಿಲಿನಲ್ಲಿ ಬರೆದುಕೊಂಡರು. ಮೊದಲನೆಯವರು ಸಂತೆಕಟ್ಟೆಯವರು, ಫೋನ್ ಮಾಡಿದರೆ ಊರಲ್ಲೇ ಇಲ್ಲ. ಎರಡನೆಯದು ಪೆರ್ಡೂರಿನ ಒಂದು ಹೋಟೆಲಿನ ನಂಬರ್. ಹೋಟೆಲಿನವರು ಎತ್ತಿ, "ಅವನಾ? ಇಲ್ಲೇ ಚಾ ಕುಡಿತಾ ಇದ್ದಾನಲ್ಲ, ಎಂತ ವಿಷಯ?" ಎಂದರು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಉಳಿದದ್ದನ್ನು ಕಾಪುವಿನವರೇ ಮಾತಾಡಿದರು.

ಉಡುಪಿಗೆ ಹೊರಟು ನಿಂತಿದ್ದ ಬಸ್ಸಿನ ಕಂಡಕ್ಟರಿಗೆ ಹೋಟೆಲಿನವರು ವಿಷಯ ಹೇಳಿದರಂತೆ. ಬಸ್ಸು ಹತ್ತುವವರಿಂದಲೂ ಇಳಿಯುವವರಿಂದಲೂ ಬೈಸಿಕೊಂಡು, ಎಲ್ಲಿಯೂ ನಿಲ್ಲದೆ ಪೆರ್ಡೂರಿನವರನ್ನು ಆಸ್ಪತ್ರೆಯ ಬಾಗಿಲಿಗೇ ತಂದು ಬಿಟ್ಟಿತು. ಗುಂಪು ಹೊಂದಿತು. ಸಂಜೆ ನಾಲ್ಕರ ಹೊತ್ತಿಗೆ ಡಾಕ್ಟರರೇ ಫೋನ್ ಮಾಡಿ, ರಕ್ತ ನಿಂತಿತು, ಹುಡುಗಿ ಮಾತಾಡಿದಳು ಎಂದರು.

ಮೂರು ದಿನ ಬಿಟ್ಟು ಎಲ್ಲೂರಿನ ಆ ತಾಯಿ ಒಂದು ಚೆಂಡು ಮಲ್ಲಿಗೆ ಹಿಡಿದು ಬಂದರು. ನನಗೆಂದು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಅದನ್ನು ಯಂತ್ರದ ತಲೆಯ ಮೇಲಿಟ್ಟು ಕೈಮುಗಿದರು. ಇಡೀ ಪಟ್ಟಿಯನ್ನು ಕಾಗದಕ್ಕೆ ಇಳಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ವೈರಸ್ ಒಳಗೇ ಇತ್ತು. ಹೂ ಸಲ್ಲುತ್ತಿರುವುದು ಯಾವುದಕ್ಕೆಂದು ಬಲ್ಲವರು ನಾವಿಬ್ಬರೇ. ಅದನ್ನು ಒಳಗೆ ಕರೆದವಳೂ ನಾನೇ, ಓಡಿಸಿ ನಿಮ್ಮ ಮಗಳ ಜೀವದ ಮೂರು ಗಂಟೆ ಕಳೆದವಳೂ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಆ ನಾಚಿಕೆ ಈಗಲೂ ಇದೆ.

ಪಟ್ಟಿ ಪೂರ್ತಿ ಕಾಗದಕ್ಕೆ ಇಳಿದ ದಿನ ಯಂತ್ರವನ್ನು ತೊಳೆದೆ. ಪಟ್ಟಿ ಮತ್ತೆ ಕಲಸಿಹೋದದ್ದನ್ನು ಕಣ್ಣಾರೆ ನೋಡಿ, ಅದನ್ನೂ ಅಳಿಸಿದೆ. ಫ್ಲಾಪಿಯನ್ನು ಮಾತ್ರ ಅಳಿಸಲಿಲ್ಲ. ಅಳಿಸಬೇಕಿತ್ತು. ಬರಿದಾದದ್ದನ್ನು ಆ ತಾಯಿಯ ಕೈಗಿಡಲು ನನಗೆ ಮನಸ್ಸಾಗಲಿಲ್ಲ.

ಕೊಟ್ಟ ಮಾತಿನಂತೆ ಭಾನುವಾರ ಕಾಪುವಿಗೆ ಒಯ್ದೆ. ಉಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಅದೇ ಕರವಸ್ತ್ರದಲ್ಲಿ ಮಡಚಿದರು.

"ಕೇಳಿದೆಯಾ ಮಗಳೇ? ಎಂತ ಹೇಳಿದ ನನ್ನ ಮಗ?"

ಅವರ ಹಿಂದೆ ನಿಂತ ಕಿರಿಮಗ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳಲು ನನಗೆ ಬರುವುದಿಲ್ಲ.

"ಒಬ್ಬರ ಹೆಸರು ಹೇಳಿತು ಅಮ್ಮ. ಪೆರ್ಡೂರಿನವರದ್ದು" ಎಂದೆ.

"ಅಷ್ಟೇಯಾ?" ಎಂದು ಅವರು ಅದನ್ನು ಕ್ಯಾಸೆಟ್ಟುಗಳ ಸಾಲಿನ ಕೊನೆಯಲ್ಲಿಟ್ಟು ಕಪಾಟಿಗೆ ಬೀಗ ಹಾಕಿದರು.