ಉಳಿದುಕೊಂಡ ಬೇರು

ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಹಲ್ಲಿನ ಕ್ಲಿನಿಕ್ ತೆರೆದ ಮೊದಲ ವರ್ಷ, ತಾಳಗುಂದದಿಂದ ದೊಡ್ಡಮ್ಮ ಬಂದಳು. ನನ್ನ ಅಮ್ಮನ ಅಕ್ಕ. ಅವಳ ತಾಲ್ಲೂಕು ಶಿಕಾರಿಪುರದಲ್ಲಿ ಹಲ್ಲಿನ ಡಾಕ್ಟರಿಲ್ಲವೆಂದಲ್ಲ. ಅಲ್ಲಿಗೆ ಹೋಗಿ ಬಾಗಿಲಿನಿಂದಲೇ ವಾಪಸು ಬಂದಿದ್ದಳು. ಮದುವೆಯಾದ ಹೊಸತರಲ್ಲಿ ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಅವಳಿಗೆ ಮರಗಟ್ಟಿಸದೆ ಇಕ್ಕಳ ಹಾಕಿದ್ದನಂತೆ. ಮಾವ, ಮೈದುನ ಇಬ್ಬರೂ ಭುಜ ಅದುಮಿ ಹಿಡಿದಿದ್ದರಂತೆ. ಅಂದಿನಿಂದ ಹಲ್ಲು ತೋರಿಸಲು ಯಾರ ಮುಂದೆಯೂ ಬಾಯಿ ತೆರೆದವಳಲ್ಲ.

ಈಗ ಕೆಳಗಿನ ದವಡೆ ಹಲ್ಲು ಪೂರ್ತಿ ಹುಳುಕಾಗಿ ಕೆನ್ನೆ ಊದಿತ್ತು. ಊತ ಇಳಿಯಲು ಮಾತ್ರೆ ಕೊಟ್ಟು, ಮುಂದಿನ ವಾರ ಬರಹೇಳಿದೆ.

"ಕೀಳೋದಾದ್ರೆ ನೀನ ಕೀಳಬೇಕು ನೋಡು. ಬ್ಯಾರೆಯವ್ರು ಬ್ಯಾಡ," ಎಂದಳು.

ನನಗೆ ಅದೇ ಭಯ. ಎಕ್ಸ್‌ರೇಯಲ್ಲಿ ಆ ಹಲ್ಲಿನ ಎರಡು ಬೇರುಗಳಲ್ಲಿ ಒಂದರ ತುದಿ ಕೊಕ್ಕೆಯಂತೆ ಬಾಗಿತ್ತು. ಅದರ ಕೆಳಗೇ ತುಟಿಗೆ ಹೋಗುವ ನರ. ಅದಕ್ಕೆ ಪೆಟ್ಟು ಬಿದ್ದರೆ ತುಟಿ ಮರಗಟ್ಟಿಯೇ ಉಳಿಯಬಹುದು. ಹಾಗೆಂದು ಅವಳಿಗೆ ಹೇಳಿದೆ. ತಲೆಯಾಡಿಸಿದಳು, ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ.

ಕೀಳುವ ದಿನ ಹೆದರಿಕೆಗೆ ಖಾಲಿ ಹೊಟ್ಟೆಯಲ್ಲೇ ಬಂದಿದ್ದಳು. ಎದುರಿನ ಹೋಟೆಲಿನಿಂದ ಇಡ್ಲಿ ತರಿಸಿ ತಿನ್ನಿಸಿ, ಬಿಪಿ ನೋಡಿ, ಆಮೇಲೆ ಸೂಜಿ ಚುಚ್ಚಿದೆ. ತುಟಿ ದಪ್ಪಗಾದಂತಿದೆ ಎಂದಳು. ಒಸಡನ್ನು ಉಪಕರಣದ ಮೊನೆಯಿಂದ ಒತ್ತಿ ನೋವಾಯಿತೇ ಎಂದು ಕೇಳಿದೆ.

"ಒತ್ತಿದಂಗ ಆತು. ನೋವಿಲ್ಲ."

ಹಲ್ಲು ಕೀಳುವುದೆಂದರೆ ಎಳೆಯುವುದಲ್ಲ. ಒಸಡು ಬಿಡಿಸಿ, ಇಕ್ಕಳದ ತುದಿಯನ್ನು ಬೇರಿನತ್ತ ಒತ್ತಿ ಹಿಡಿದು, ಕೆನ್ನೆಯ ಕಡೆಗೊಮ್ಮೆ ನಾಲಗೆಯ ಕಡೆಗೊಮ್ಮೆ ನಿಧಾನವಾಗಿ ವಾಲಿಸಬೇಕು. ಮೂಳೆಯ ಗುಳಿ ಹಿಗ್ಗಿದ ಮೇಲೆ ಹಲ್ಲು ಸಡಿಲಾಗಿ ಮೇಲೇಳುತ್ತದೆ. ನಾನು ಹಾಗೆಯೇ ಮಾಡುತ್ತಿದ್ದೆ. ಹಲ್ಲು ಅಲುಗಾಡತೊಡಗಿತ್ತು. ಅಷ್ಟರಲ್ಲಿ ಟಕ್ ಎಂದಿತು. ಇಕ್ಕಳದಲ್ಲಿ ಬಂದದ್ದು ಅರ್ಧ ಹಲ್ಲು, ಒಂದೇ ಬೇರು.

ಒಳಗೆ ಉಳಿದದ್ದು ಆ ಬಾಗಿದ ಬೇರೇ. ಬಾಯಿಯ ನೀರು ಎಳೆಯುವ ನಳಿಕೆ ಹಿಡಿದಿದ್ದ ನರ್ಸ್ ನನ್ನ ಮುಖ ನೋಡಿದಳು. ಕೈ ಹೊರಗೆ ತೆಗೆದೆ.

"ಮುರೀತೇನ?" ದೊಡ್ಡಮ್ಮ ಕೇಳಿದಳು.

"ಹೌದು. ಒಂದು ಬೇರು ಒಳಗೇ ಉಳಿದಿದೆ. ತೆಗೀಬೇಕು."

ಕಣ್ಣೀರು ಅವಳ ಕಿವಿಯ ಕಡೆ ಹರಿಯಿತು. "ಹಿಡ್ಕಳಾಕ ಯಾರನ್ನೂ ಕರೀಬ್ಯಾಡ."

"ಯಾರೂ ಹಿಡಿಯಲ್ಲ ದೊಡ್ಡಮ್ಮ. ಬೇಡ ಅನ್ನಿಸಿದ್ರೆ ಎಡಗೈ ಎತ್ತು. ಅಲ್ಲೇ ನಿಲ್ಲಿಸ್ತೀನಿ."

ನೀರು ಬಿಡುತ್ತ ಬೇರಿನ ಸುತ್ತಲಿನ ಮೂಳೆಯನ್ನು ಸ್ವಲ್ಪವೇ ಕೊರೆದೆ. ಕೊರೆಯುವ ಸದ್ದಿಗೆ ಅವಳ ಕಾಲ್ಬೆರಳುಗಳು ಮಡಚಿಕೊಂಡವು. ಒಮ್ಮೆಲೇ ಎಡಗೈ ಮೇಲೆದ್ದಿತು. ತಕ್ಷಣ ನಿಲ್ಲಿಸಿದೆ.

"ನೋವಾಯ್ತಾ?"

"ಇಲ್ಲ. ನಿಲ್ಲಸ್ತೀಯೋ ಇಲ್ಲೋ ಅಂತ ನೋಡಿದೆ. ಮಾಡು."

ಮತ್ತೆ ಕೈ ಎತ್ತಲಿಲ್ಲ. ತೆಳ್ಳನೆಯ ಸಲಾಕೆಯನ್ನು ಬೇರಿನ ಪಕ್ಕಕ್ಕೆ ಹಾಕಿ, ಕೆಳಗೆ ಒತ್ತದೆ, ಅದು ಬಾಗಿದ ದಿಕ್ಕಿಗೇ ಮೆಲ್ಲಗೆ ತಿರುಗಿಸಿದೆ. ಕೊನೆಗೂ ಬೇರು ತುದಿ ಸಮೇತ ಬಂದಿತು. ಗುಳಿ ತೊಳೆದು ಹೊಲಿಗೆ ಹಾಕಿ, ಗಾಜ್ ಇಟ್ಟು ಕಚ್ಚಿಸಿದೆ.

ರಕ್ತ ನಿಂತಿತು. ನನ್ನ ಭಯ ನಿಲ್ಲಲಿಲ್ಲ. ಮರಗಟ್ಟಿದ್ದು ಬಿಡುವವರೆಗೆ ನರದ ವಿಷಯ ಗೊತ್ತಾಗುವುದಿಲ್ಲ. ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬೇರೆ ರೋಗಿಗಳನ್ನು ನೋಡಿದೆ. ಹೊರಗೆ ಬಂದಾಗಲೆಲ್ಲ ಅವಳ ತುಟಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳುತ್ತಿದ್ದೆ. ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಮಧ್ಯಾಹ್ನ ಕಳೆಯಿತು. ನನಗೆ ಊಟ ಸೇರಲಿಲ್ಲ. ಅಮ್ಮ ಫೋನ್ ಮಾಡಿದಾಗ ಕರೆ ತೆಗೆದುಕೊಳ್ಳಲೇ ಇಲ್ಲ.

ಸಂಜೆಯ ಹೊತ್ತಿಗೆ ದೊಡ್ಡಮ್ಮ ತಾನೇ ಒಳಗೆ ಬಂದಳು. ತುಟಿಯ ಮೇಲೆ ಬೆರಳಿತ್ತು.

"ಇಲ್ಲಿ ಇರುವಿ ಹರದಂಗ ಆಗಾಕತ್ತೈತಿ. ಇದು ಒಳ್ಳೇದೋ, ಕೆಟ್ಟದ್ದೋ?"

"ಒಳ್ಳೇದು ದೊಡ್ಡಮ್ಮ. ಮರಗಟ್ಟಿದ್ದು ಬಿಡ್ತಿದೆ, ನರ ಉಳೀತು," ಎಂದೆ. ರೋಗಿಗಳ ಕುರ್ಚಿಯಲ್ಲೇ ಕುಳಿತುಬಿಟ್ಟೆ.